ಗುರುವಾರ ಮುಚ್ಚಿದ ಪಟ್ಟಿ

ನನ್ನ ಅಣ್ಣನ ಮಗಳು ಸಾರಿಗೆ ಯೋಜನೆಯ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದವಳು, ‘ಚಿಕ್ಕಪ್ಪ, ನೀವು ದುಬೈಯಲ್ಲಿ ಕೂತು ಯುರೋಪಿನ ರಸ್ತೆಗಳ ಭವಿಷ್ಯ ಬರೆದವರಂತೆ. ಸ್ವಲ್ಪ ಅನುಭವ ಹೇಳಿ’ ಎಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಭವಿಷ್ಯ ಬರೆಯಲಿಕ್ಕೆ ನಾನೇನು ಜಾತಕ ನೋಡುವವನೇ? ಎಕ್ಸೆಲ್ ಶೀಟಿನಲ್ಲಿ ಸಾಲು ಸೇರಿಸುವುದು, ಸಾಲು ಅಳಿಸುವುದು, ಅಳಿಸಿದ್ದನ್ನು ಇನ್ಯಾರೋ ಕೇಳಿದರೆಂದು ಮತ್ತೆ ಸೇರಿಸುವುದು, ನಾನು ಮಾಡಿದ್ದು ಇಷ್ಟೇ. ಆದರೂ ಕೇಳಿದ್ದಾಳೆ, ಹೇಳುತ್ತೇನೆ. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಇದರಲ್ಲಿ ಇಲ್ಲ.

ನಮ್ಮ ಆಫೀಸು ಅಲ್ ಬರ್ಷಾದಲ್ಲಿ, ದೊಡ್ಡ ಮಾಲ್‌ನ ಹಿಂದಿನ ರಸ್ತೆಯಲ್ಲಿತ್ತು. ಕಂಪನಿ ಯುರೋಪಿನದು, ನಮ್ಮದು ಅದರ ಕೊಲ್ಲಿ ಶಾಖೆ. ಅಲ್ಲಿನ ಹಲವು ದೇಶಗಳು ಒಟ್ಟಾಗಿ ಒಂದು ಪಟ್ಟಿ ಮಾಡಲು ಹೊರಟಿದ್ದವು. ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ರಸ್ತೆ ಸಾರಿಗೆಯ ಹೊಗೆ ಕಡಿಮೆಯಾಗಬೇಕು, ರಸ್ತೆ ಬಾಳಿಕೆ ಬರಬೇಕು, ಜನ ಕಾರು ಬಿಟ್ಟು ಬಸ್ಸು ಹತ್ತಬೇಕು. ಇದಕ್ಕೆಲ್ಲ ಯಾವ ಯಾವ ಸಂಶೋಧನೆ ಮೊದಲು ನಡೆಯಬೇಕು ಎಂಬ ಪಟ್ಟಿ. ತಜ್ಞರೆಲ್ಲ ಅಲ್ಲಿ, ಅವರು ಹೇಳಿದ್ದನ್ನು ಒಂದುಗೂಡಿಸುವ ಗುಮಾಸ್ತಿಕೆ ಇಲ್ಲಿ. ನಾನು ಉಡುಪಿ ಕಡೆಯವನು, ಸಿವಿಲ್ ಎಂಜಿನಿಯರ್, ಅರ್ಧ ಆಯುಷ್ಯ ರಸ್ತೆ ಕಾಮಗಾರಿಯಲ್ಲಿ ಕಳೆದವನು. ಇಂಗ್ಲಿಷ್ ಚೆನ್ನಾಗಿ ಬರೆಯುತ್ತೇನೆಂಬ ತಪ್ಪಿಗೆ ನನ್ನನ್ನು ಈ ಪಟ್ಟಿಯ ಮುಂದೆ ಕೂರಿಸಿದರು.

ಮೊದಲ ವರ್ಷ ನನಗೆ ಕೊಟ್ಟದ್ದು ಹಿಮದ ಅಧ್ಯಾಯ. ಹೊರಗೆ ಜೂನ್ ತಿಂಗಳು. ಪಾರ್ಕಿಂಗ್‌ನಲ್ಲಿ ಕಾರಿನ ಸ್ಟೇರಿಂಗ್ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ನಾನು ಒಳಗೆ ಕೂತು, ಫ್ರಿಜ್ಜಿನ ಹೊರಗೆ ಹಿಮ ಕಂಡಿರದ ಮನುಷ್ಯ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಬಗ್ಗೆ ನಾಲ್ಕು ಪುಟ ಬರೆದೆ. ಬರೆಯುವಾಗ ಒಂದು ಸಂಶಯ ಬಂತು. ಇಷ್ಟು ಉಪ್ಪು ಹಾಕಿದರೆ ಬಸ್ಸಿನ ಅಡಿಭಾಗ ತುಕ್ಕು ಹಿಡಿಯುವುದಿಲ್ಲವೇ? ಸಮುದ್ರದ ಬದಿಯವನಿಗೆ ಬರುವ ಸಂಶಯ ಅದು. ಬದಿಯಲ್ಲಿ ಪ್ರಶ್ನೆಯಾಗಿ ಬರೆದಿಟ್ಟೆ, ಅಳಿಸಲು ಮರೆತೆ. ಅದು ಹಾಗೆಯೇ ಹೋಯಿತು. ತಿಂಗಳ ನಂತರ ಅಲ್ಲಿಂದ ಪತ್ರ: ‘ಬಹಳ ಮೂಲಭೂತ ಪ್ರಶ್ನೆ ಎತ್ತಿದ್ದೀರಿ, ಇದನ್ನೊಂದು ಪ್ರತ್ಯೇಕ ವಿಷಯವಾಗಿ ಸೇರಿಸುತ್ತಿದ್ದೇವೆ.’ ನನ್ನ ಮರೆವು ಯುರೋಪಿನ ಸಂಶೋಧನಾ ವಿಷಯವಾಯಿತು. ಅಂದಿನಿಂದ ತಜ್ಞರ ಮೇಲಿನ ಭಯ ಹೋಯಿತು, ಜೊತೆಗೆ ಮರ್ಯಾದೆಯೂ ಸ್ವಲ್ಪ ಕಡಿಮೆಯಾಯಿತು.

ಆಮೇಲೆ ಸಭೆಗಳು. ಕಾರಿನ ಹೊಗೆ, ಬಸ್ಸಿನ ಹೊಗೆ ಕಡಿಮೆ ಮಾಡುವ ಬಗ್ಗೆ ಮಾತಾಡಲು ನಲವತ್ತು ಜನ ವಿಮಾನದಲ್ಲಿ ಬಂದು ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ನಾನು ದುಬೈಯಿಂದ ಸ್ಕ್ರೀನಿನ ಮೇಲೆ. ‘ಮಾಡತಕ್ಕದ್ದು’ ಎಂದು ಬರೆಯಬೇಕೋ ‘ಮಾಡಬಹುದು’ ಎಂದು ಬರೆಯಬೇಕೋ ಎಂಬುದರ ಮೇಲೆ ಒಂದು ಇಡೀ ಅಪರಾಹ್ನ ಹೋದದ್ದುಂಟು. ಕೊನೆಗೆ ‘ಮಾಡುವುದನ್ನು ಪರಿಶೀಲಿಸಬಹುದು’ ಎಂದು ತೀರ್ಮಾನಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಶುರುವಿನಲ್ಲಿ ಇದಕ್ಕೆಲ್ಲ ಗೋಡೆಗೆ ಬಣ್ಣದ ಚೀಟಿ ಅಂಟಿಸುವ ಪದ್ಧತಿ ಇತ್ತು. ಚೀಟಿ ಉದುರಿದರೆ ವಿಷಯವೂ ಉದುರಿದ ಹಾಗೆ. ಅದು ಸರಿಯಲ್ಲವೆಂದು ಮುಂದೆ ಅಂಕದ ಪದ್ಧತಿ ಬಂತು. ಪ್ರತಿ ದೇಶದ ತಂಡ ಪ್ರತಿ ವಿಷಯಕ್ಕೆ ಹತ್ತರಲ್ಲಿ ಇಷ್ಟು ಅಂತ ಅಂಕ ಕೊಟ್ಟು ಮೇಲ್ ಮಾಡಬೇಕು, ನಾನು ಕೂಡಿಸಬೇಕು, ಮೊದಲ ನಲವತ್ತು ವಿಷಯ ಪಟ್ಟಿಯಲ್ಲಿ ಉಳಿಯುತ್ತವೆ. ಉಳಿದವು ಐದು ವರ್ಷ ಕಾಯಬೇಕು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ.

ಇನ್ನೊಂದು ಕಿರಿಕಿರಿ ಹೇಳಲೇಬೇಕು, ಮುಂದಿನದ್ದೆಲ್ಲ ಅದರಿಂದಲೇ ಆದದ್ದು. ಆಗ ದುಬೈಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಯುರೋಪಿನಲ್ಲಿ ಶನಿವಾರ, ಭಾನುವಾರ. ಅಲ್ಲಿ ಶುಕ್ರವಾರ ಕೆಲಸ ಜೋರು, ಇಲ್ಲಿ ಆಫೀಸಿಗೆ ಬೀಗ. ಭಾನುವಾರ ನಾವು ಬಂದು ಫೋನ್ ಮಾಡಿದರೆ ಅಲ್ಲಿ ಯಾರೂ ಎತ್ತುವುದಿಲ್ಲ. ವಾರದಲ್ಲಿ ನಾಲ್ಕೇ ದಿನ ಎರಡೂ ಕಡೆ ಜನ. ಆ ನಾಲ್ಕರಲ್ಲಿ ಮೂರು ದಿನ ಸಭೆ.

ನಮ್ಮ ಶಾಖೆಯಲ್ಲಿ ನಿಜವಾದ ಕೆಲಸ ಮಾಡುತ್ತಿದ್ದವರು ಒಬ್ಬರೇ, ಬಸವರಾಜ್. ಬಾಗಲಕೋಟೆ ಕಡೆಯವರು, ಡಾಂಬರಿನ ಎಂಜಿನಿಯರ್. ಅಬುಧಾಬಿಯ ಹೊರವಲಯದ ಒಂದು ರಸ್ತೆಯಲ್ಲಿ ಬೇರೆ ಬೇರೆ ಮಿಶ್ರಣದ ಡಾಂಬರು ಹಾಸಿ, ಬೇಸಿಗೆಯಲ್ಲಿ ಯಾವುದು ಎಷ್ಟು ಕಾಯುತ್ತದೆ, ಯಾವುದು ಮೆತ್ತಗಾಗುತ್ತದೆ ಎಂದು ಅಳೆಯುವುದು ಅವರ ಕೆಲಸ. ಎರಡು ವರ್ಷ ಅಳೆದ ಮೇಲೆ ಅವರು ರಸ್ತೆಯ ಪಕ್ಕದ ಬಸ್‌ಸ್ಟಾಪಿನಲ್ಲೂ ಅಳೆಯಲು ಶುರು ಮಾಡಿದರು. ಯಾರೂ ಹೇಳಿರಲಿಲ್ಲ.

‘ಸರ, ಈ ಡಾಂಬರಿನ ಮ್ಯಾಲೆ ರೊಟ್ಟಿ ಬೇಯತೈತ್ರಿ’ ಎಂದು ಒಂದು ದಿನ ನನ್ನ ಮೇಜಿನ ಮುಂದೆ ನಿಂತರು. ‘ಇದರ ಬಾಜೂಕ ಮನಷ್ಯಾ ನಿಂತು ಬಸ್ಸಿಗೆ ಕಾಯ್ತಾನ. ರಸ್ತೇದು ಬರೀತೀರಿ, ಬಸ್ಸಿಂದು ಬರೀತೀರಿ, ನಿಂತಾವಂದು ಯಾಕ ಬರಿಯಂಗಿಲ್ಲ?’

‘ಯುರೋಪಿನವರಿಗೆ ಇದು ಬೇಡ ಮಾರಾಯ್ರೆ. ಅವರದು ಚಳಿಯ ಊರು’ ಎಂದೆ.

‘ಎಲ್ಲಾ ಊರು ಚಳಿ ಇರಂಗಿಲ್ರಿ. ಸ್ಪೇನಿನ ಬಾಯಾರು ನನಗ ಮೇಲ್ ಮಾಡ್ತಿರ್ತಾರ. ಅಲ್ಲೂ ಬ್ಯಾಸಗಿ ಜೋರಾಗಲಿಕ್ಕತ್ತೈತಿ.’ ಬಾಯಾರು ಎಂದರೆ ಸ್ಪೇನಿನ ತಂಡದ ಎಂಜಿನಿಯರ್ ಹೆಂಗಸು.

ನಮ್ಮ ಮೇಲಧಿಕಾರಿ ಗೆರಾರ್ಡ್ ಒಪ್ಪುವ ಗಿರಾಕಿಯಲ್ಲ. ಅವನು ಯುರೋಪಿನ ಮುಖ್ಯ ಕಚೇರಿಯಲ್ಲಿದ್ದವನು, ವರ್ಷಕ್ಕೊಮ್ಮೆ ಬರುತ್ತಿದ್ದ. ಅರಬ್ಬಿಯ ಎರಡು ಪದ ಕಲಿತಿದ್ದ, ‘ಯಲ್ಲಾ’ ಮತ್ತು ‘ಖಲಾಸ್’. ಮೊದಲನೆಯದನ್ನು ಸಭೆ ಶುರುವಾಗುವಾಗ, ಎರಡನೆಯದನ್ನು ಮುಗಿಯುವಾಗ ಹೇಳುತ್ತಿದ್ದ. ಆ ವರ್ಷ ಆಗಸ್ಟ್‌ನಲ್ಲಿ ಬಂದ. ಸುಸ್ಥಿರ ಸಾರಿಗೆಯ ಮುಖ್ಯಸ್ಥ ಟ್ಯಾಕ್ಸಿಯಲ್ಲಿ ಬರುವುದೇ ಎಂದು ಹಟ ಹಿಡಿದು, ಕೋಟು ಹಾಕಿಕೊಂಡು, ಮಧ್ಯಾಹ್ನ ಮೆಟ್ರೋ ನಿಲ್ದಾಣದಿಂದ ಆಫೀಸಿಗೆ ನಡೆದ. ನಕ್ಷೆಯಲ್ಲಿ ಹತ್ತು ನಿಮಿಷದ ದಾರಿ. ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಬಸವರಾಜ್ ಹುಡುಕುತ್ತ ಹೋದರೆ, ಒಂದು ಕೆಫೆಟೇರಿಯಾದ ಹೊರಗೆ ಪೆಟ್ಟಿಗೆಯ ಮೇಲೆ ಕೂತು ಬಿಳಿಚಿಕೊಂಡಿದ್ದಾನೆ. ಬಸವರಾಜ್ ಎರಡು ಬಾಟಲಿ ಲಬನ್, ಅಂದರೆ ಇಲ್ಲಿನ ಮಜ್ಜಿಗೆ, ಕುಡಿಸಿ ಎಬ್ಬಿಸಿಕೊಂಡು ಬಂದರು. ಎರಡು ವರ್ಷದ ಅಳತೆ ಮಾಡಲಾಗದ್ದನ್ನು ಎರಡು ಬಾಟಲಿ ಮಜ್ಜಿಗೆ ಮಾಡಿತು. ಸಂಜೆಯೇ ಗೆರಾರ್ಡ್ ಹೇಳಿದ, ‘ಬಿಸಿಲು ಮತ್ತು ಬಸ್ಸಿಗೆ ಕಾಯುವ ಮನುಷ್ಯ, ಇದೊಂದು ವಿಷಯ ಸೇರಿಸು. ಅಂಕ ಬಂದರೆ ಉಳಿಯಲಿ.’ ಅದರ ಕರಡನ್ನು ಬಸವರಾಜ್ ಅವರೇ ಬರೆದುಕೊಟ್ಟರು.

ಉಳಿದರೆ ಬಸವರಾಜ್ ಅವರ ಅಳತೆಯ ಘಟಕ ಇನ್ನೂ ಐದು ವರ್ಷ ನಡೆಯುತ್ತದೆ. ಉಳಿಯದಿದ್ದರೆ ಡಿಸೆಂಬರಿಗೆ ಬಂದ್, ಅವರ ವೀಸಾ ರದ್ದು, ಅದರ ಜೊತೆ ಹೆಂಡತಿ ಮಗಳದ್ದೂ. ಮಗಳು ಸ್ಫೂರ್ತಿ ಹನ್ನೆರಡನೇ ಕ್ಲಾಸು, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅಂಕ ಕಳಿಸಲು ಕೊನೆಯ ದಿನ ಶುಕ್ರವಾರ ಸಂಜೆ ಎಂದು ಎಲ್ಲ ದೇಶಗಳಿಗೆ ಪತ್ರ ಬರೆದವನು ನಾನೇ. ಮುಖ್ಯ ಕಚೇರಿಯಿಂದ ಬಂದ ನಮೂನೆಯಲ್ಲಿ ಹಾಗಿತ್ತು, ಹಾಗೆಯೇ ಕಳಿಸಿದ್ದೆ. ಆ ಶುಕ್ರವಾರ ನಮ್ಮ ಕರಾವಳಿ ಕಡೆಯವರ ಕ್ರೀಡಾಕೂಟ. ಹಗ್ಗಜಗ್ಗಾಟಕ್ಕೆ ನಾನು ತೀರ್ಪುಗಾರ. ಗುರುವಾರ ಸಂಜೆ ಐದು ಗಂಟೆಗೆ ನೋಡಿದೆ, ಬಹುತೇಕ ಎಲ್ಲರ ಅಂಕವೂ ಬಂದಿತ್ತು. ಉತ್ತರದ ದೇಶಗಳವರು ಶಿಸ್ತಿನವರು, ಬುಧವಾರವೇ ಕಳಿಸಿದ್ದರು. ದಕ್ಷಿಣದ ಐದು ದೇಶಗಳದ್ದು ಬಾಕಿ. ಅವರು ಯಾವತ್ತೂ ಹೀಗೆಯೇ, ಕಳಿಸಿದರೂ ಕಳಿಸಿದರು ಬಿಟ್ಟರೂ ಬಿಟ್ಟರು, ಅಂದುಕೊಂಡೆ. ಶುಕ್ರವಾರ ಯಾರು ಆಫೀಸಿಗೆ ಬರುತ್ತಾರೆ? ಬಂದಷ್ಟನ್ನು ಕೂಡಿಸಿ ನಲವತ್ತರ ಪಟ್ಟಿ ಮಾಡಿದೆ. ಶುಕ್ರವಾರ ಸಂಜೆ ತಾನಾಗಿ ಗೆರಾರ್ಡ್‌ಗೆ ಹೋಗುವ ಹಾಗೆ ಮೇಲ್‌ಗೆ ಸಮಯ ಹಾಕಿಟ್ಟೆ. ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ನಾನು ಬಹಳ ಜಾಣನೆಂದು ಅವತ್ತು ನನಗೆ ಅನಿಸಿತ್ತು.

ಆ ಪಟ್ಟಿಯಲ್ಲಿ ಬಿಸಿಲಿನ ವಿಷಯ ನಲವತ್ತೊಂದನೆಯದು. ನೋಡಿದ್ದೆ. ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಒಂದು ದಿನ ಕಾಯಬಹುದಿತ್ತು.

ಭಾನುವಾರ ಬಂದು ಮೇಲ್ ತೆರೆದರೆ ಐದೂ ದೇಶಗಳ ಅಂಕ ಬಂದು ಕೂತಿದೆ. ಎಲ್ಲವೂ ಶುಕ್ರವಾರದ್ದು. ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರು, ಸಂಜೆ ಒಂದು. ಒಂದೂ ತಡವಲ್ಲ. ಐವರೂ ಬಿಸಿಲಿಗೆ ಒಂಬತ್ತು ಹತ್ತು ಕೊಟ್ಟಿದ್ದಾರೆ. ಮತ್ತೆ ಕೂಡಿಸಿದೆ. ವಿಷಯ ಹದಿನೆಂಟನೆಯ ಸ್ಥಾನಕ್ಕೆ ಹೋಯಿತು. ಗೆರಾರ್ಡ್‌ಗೆ ಫೋನ್ ಮಾಡಿದೆ, ಮತ್ತೆ ಮಾಡಿದೆ. ಭಾನುವಾರ, ಯಾರು ಎತ್ತುತ್ತಾರೆ? ಸೋಮವಾರ ಸಿಕ್ಕಾಗ ಅವನು ಆಗಲೇ ಬೆಳಗಿನ ಸಮಿತಿಯ ಮುಂದೆ ಪಟ್ಟಿ ಇಟ್ಟು ಒಪ್ಪಿಗೆ ಪಡೆದು ಹೊರಗೆ ಬಂದಿದ್ದ.

ನಾನು ಎಲ್ಲವನ್ನೂ ಹೇಳಿದೆ.

‘ಈಗ ತೆರೆದರೆ ಎಲ್ಲರೂ ತಮ್ಮ ತಮ್ಮ ವಿಷಯ ತೆರೆಯುತ್ತಾರೆ’ ಎಂದ. ‘ಆ ಐದನ್ನು ತಡವಾಗಿ ಬಂದವು ಎಂದು ನಮೂದಿಸಿಬಿಡು. ಐದು ವರ್ಷದಲ್ಲಿ ಪರಿಷ್ಕರಣೆ ಇದ್ದೇ ಇದೆ. ಖಲಾಸ್, ಸದಾನಂದ.’

ಇವನೇನಾ ಪೆಟ್ಟಿಗೆಯ ಮೇಲೆ ಕೂತು ಲಬನ್ ಕುಡಿದವನು ಎಂದು ಮೈ ಉರಿಯಿತು. ಆದರೆ ಉರಿದುಕೊಂಡು ನಾನು ಮಾಡಿದ್ದೇನು? ಶೀಟಿನ ಕೊನೆಯ ಕಾಲಂನಲ್ಲಿ ಐದು ಸಲ ‘ತಡವಾಗಿ ಬಂದದ್ದು’ ಎಂದು ಟೈಪ್ ಮಾಡಿ ಎಲ್ಲ ದೇಶಗಳಿಗೆ ಕಳಿಸಿದೆ. ಅವನು ಹೇಳಿದ, ನಾನು ಮಾಡಿದೆ. ಬೇಡವೆನ್ನಲು ನನಗೆ ಬಾಯಿ ಇತ್ತು.

ಆ ವಾರದ ಕೊನೆಗೆ ಬಸವರಾಜ್ ಬಂದು ಕೇಳಿದರು, ‘ಸ್ಪೇನಿನವ್ರು ಮಾರ್ಕು ಹಾಕ್ತೇವಿ ಅಂದಿದ್ರಲ್ರಿ ಸರ. ಹಾಕ್ಲಿಲ್ಲೇನು?’

‘ಹಾಕಿದ್ರು ಬಸವರಾಜ್. ಆದ್ರೆ ತಡವಾಗಿ ಬಂತು, ಎಂತ ಮಾಡೂದು?’ ಎಂದೆ. ಸ್ಕ್ರೀನ್ ನೋಡುತ್ತ ಹೇಳಿದೆ.

‘ತಡಾ ಆತೇನ್ರಿ’ ಎಂದರು. ತಮ್ಮ ಮೇಜಿಗೆ ಹೋದರು.

ಡಿಸೆಂಬರಿನಲ್ಲಿ ಘಟಕ ಮುಚ್ಚಿತು. ಅವರು ಕರಾಮದ ಫ್ಲ್ಯಾಟ್ ಖಾಲಿ ಮಾಡಿದ ದಿನ ಸಹಾಯಕ್ಕೆ ಹೋಗಿದ್ದೆ. ಸಾಮಾನು ಕಟ್ಟುತ್ತ ಅವರೇ ಮಾತು ತೆಗೆದರು. ‘ಸರ, ಪರೀಕ್ಷಾ ಸೆಂಟರ್ ಬದಲಿ ಮಾಡಂಗಿಲ್ಲ ಅಂತಾರ. ಮಗಳು ಫೆಬ್ರವರಿಯಾಗ ವಿಸಿಟ್ ವೀಸಾದ ಮ್ಯಾಲೆ ಬಂದು ಬರೀಬೇಕು. ನಿಮ್ಮನಿಯಾಗ ಇರಬೌದೇನ್ರಿ?’ ನಾನು ಅವರ ಮಾತು ಮುಗಿಯುವ ಮುಂಚೆಯೇ ಹೌದೆಂದೆ. ಆ ಒಂದು ‘ಹೌದು’ ಹೇಳಿ ಎಲ್ಲ ಸರಿ ಮಾಡಿಬಿಟ್ಟೆ ಎನ್ನುವಷ್ಟು ಹಗುರವಾಯಿತು. ಅದೂ ನನ್ನ ಮೂರ್ಖತನವೇ.

ಮಿರ್ದಿಫ್‌ನ ನಮ್ಮ ಮನೆಯಲ್ಲಿ ಸ್ಫೂರ್ತಿ ಆರು ವಾರ ಇದ್ದಳು. ನನ್ನ ಹೆಂಡತಿ ವಸಂತಿ ದಿನವೂ ಅವಳಿಗೆ ನೀರುದೋಸೆ ಹೊಯ್ಯುತ್ತಿದ್ದಳು. ಅವಳಿಗೆ ರೊಟ್ಟಿ ಇಷ್ಟವೆಂದು ಆಮೇಲೆ ಗೊತ್ತಾಯಿತು, ಬಾಯಿಬಿಟ್ಟು ಹೇಳುವ ಮಗುವಲ್ಲ. ಓದುವ ನಡುವೆ ಒಂದು ದಿನ ಊಟದ ಮೇಜಿನಲ್ಲಿ ಕೇಳಿದಳು, ‘ಅಂಕಲ್, ಪಪ್ಪಾ ಮಾಡಿದ ವರ್ಕ್ ರಾಂಗ್ ಆಗಿತ್ತಾ?’

‘ಇಲ್ಲ ಮಗಾ. ತುಂಬಾ ಒಳ್ಳೆ ಕೆಲಸ ಅದು.’

‘ದೆನ್ ವೈ?’

ನಾನು ನೀರು ಕುಡಿದೆ. ವಸಂತಿ ಇನ್ನೊಂದು ದೋಸೆ ತಂದು ಅವಳ ತಟ್ಟೆಗೆ ಹಾಕಿದಳು. ಮಗು ಓದಲು ಹೋದ ಮೇಲೆ ವಸಂತಿ ಅಡಿಗೆಮನೆಯಿಂದಲೇ ತುಳುವಿನಲ್ಲಿ ಕೇಳಿದಳು, ‘ಪಂಡರಾ?’ ಹೇಳಿದಿರಾ ಎಂದು. ಬಸವರಾಜ್ ಅವರಿಗೆ ಹೇಳಿದಿರಾ ಎಂದು. ಅವಳಿಗೆ ನಾನು ಮೊದಲೇ ಎಲ್ಲ ಹೇಳಿದ್ದೆ. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು. ರಿಸಲ್ಟ್ ಬರಲಿ ಎಂದೆ. ಅದೂ ಚೆನ್ನಾಗಿ ಬಂತು. ಈಗ ಸಂತೋಷದ ಹೊತ್ತಿನಲ್ಲಿ ಯಾಕೆ ಎಂದೆ. ವಸಂತಿ ಆಮೇಲೆ ಕೇಳುವುದನ್ನೇ ಬಿಟ್ಟಳು. ಅವಳು ಕೇಳುತ್ತಿದ್ದಾಗಲೇ ವಾಸಿ ಇತ್ತು.

ಮುಂದಿನ ಐದು ವರ್ಷ ನಾನು ಉಳಿದ ನಲವತ್ತು ವಿಷಯಗಳ ಪ್ರಗತಿ ವರದಿ ಬರೆದೆ. ಉಪ್ಪು ಮತ್ತು ತುಕ್ಕಿನ ವಿಷಯ ಅದರಲ್ಲಿತ್ತು, ಚೆನ್ನಾಗಿ ನಡೆಯುತ್ತಿತ್ತು. ನನ್ನ ಮರೆವಿನಿಂದ ಹುಟ್ಟಿದ್ದು ಬದುಕಿತು, ನನ್ನ ಅವಸರದಿಂದ ಸತ್ತದ್ದು ಸತ್ತೇ ಇತ್ತು. ಬಸವರಾಜ್ ಬಾಗಲಕೋಟೆ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಆರೋಗ್ಯ, ಮಗಳ ಓದು, ಬಿಸಿಲು. ಬೇರೇನೂ ಇಲ್ಲ.

ಆ ಐದು ವರ್ಷ ಮುಗಿಯುತ್ತ ಬಂದಾಗ ಪರಿಷ್ಕರಣೆ ಬಂತು. ಅಷ್ಟರಲ್ಲಿ ಯುರೋಪಿನವರ ಬೇಸಿಗೆಯೂ ಕೆಟ್ಟಿತ್ತು, ಬಿಸಿಲಿನ ವಿಷಯವನ್ನು ಅವರೇ ಮತ್ತೆ ಎತ್ತಿಕೊಂಡು ಬಂದಿದ್ದರು. ಹಳೆಯ ಕರಡಿನ ಬಸವರಾಜ್ ಅವರ ಸಾಲುಗಳು ಇದ್ದ ಹಾಗೆ ಇದ್ದವು, ಹೆಸರು ಮಾತ್ರ ಇರಲಿಲ್ಲ. ಆ ಹೊತ್ತಿಗೆ ಹೊಸ ಪದ್ಧತಿ ಬಂದಿತ್ತು, ಅಂಕ ನೇರ ವೆಬ್‌ಸೈಟಿಗೆ ಬೀಳುತ್ತದೆ. ಆದರೆ ಕೊನೆಯಲ್ಲಿ ಪಟ್ಟಿ ಮುಚ್ಚುವ ಗುಂಡಿ ಒತ್ತುವುದು ನನ್ನ ಪಾಲಿಗೇ ಇತ್ತು. ಕೊನೆಯ ದಿನ ಅದೇ ಶುಕ್ರವಾರ. ನಿವೃತ್ತಿಗೆ ನನಗೆ ಮೂರು ತಿಂಗಳಿತ್ತು.

ಶುಕ್ರವಾರ ಬೆಳಿಗ್ಗೆ ಸೆಕ್ಯುರಿಟಿಯವನನ್ನು ಕಾಡಿ ಬೇಡಿ ಬೀಗ ತೆಗೆಸಿದೆ. ಕಟ್ಟಡದಲ್ಲಿ ಎಸಿ ಆಫ್. ಅಂಗಿಯ ಗುಂಡಿ ಬಿಚ್ಚಿ, ವಸಂತಿ ಕಟ್ಟಿಕೊಟ್ಟ ಬುತ್ತಿ ಪಕ್ಕದಲ್ಲಿಟ್ಟು, ಖಾಲಿ ಆಫೀಸಿನಲ್ಲಿ ಒಬ್ಬನೇ ಕೂತೆ. ಹತ್ತು ಗಂಟೆಗೆ ಒಂದು ದೇಶದ ಅಂಕ ಬಂತು. ಮಧ್ಯಾಹ್ನ ಇನ್ನೂ ಮೂರು ದೇಶಗಳದ್ದು. ಬಿಸಿಲಿನ ವಿಷಯ ಒಂದೊಂದೇ ಮೆಟ್ಟಿಲು ಏರಿ ಮೂರನೆಯ ಸ್ಥಾನಕ್ಕೆ ಬಂದು ನಿಂತಿತು. ತಡೆಯಲಾಗಲಿಲ್ಲ, ಬಸವರಾಜ್ ಅವರಿಗೆ ಫೋನ್ ಮಾಡಿದೆ.

‘ಬಸವರಾಜ್, ನಿಮ್ಮ ವಿಷಯ ಬಂತು ಮಾರಾಯ್ರೆ! ಮೂರನೆಯದು!’

ಲೈನ್ ಕಟ್ಟಾಯಿತೆಂದು ಎರಡು ಸಲ ಹಲೋ ಎಂದೆ.

‘ಸರ, ಇವತ್ತು ಶುಕ್ರವಾರ ಅಲ್ಲೇನ್ರಿ? ಆಫೀಸಿನ್ಯಾಗ ಅದೀರೇನು?’

‘ಹೌದು.’

‘ಆವತ್ತೂ ಹಿಂಗ ಕುಂತಿದ್ರ ಆಗ್ತಿತ್ತಲ್ರಿ.’

‘ನಿಮಗೆ ಗೊತ್ತಿತ್ತಾ?’ ಎಂದೆ.

‘ಸ್ಪೇನಿನ ಬಾಯಾರು ಆ ವಾರಾನ ಮೇಲ್ ಮಾಡಿದ್ರು. ಶುಕ್ರವಾರ ಮಧ್ಯಾಹ್ನನ ಕಳಿಸೇನಿ, ತಡಾ ಅಂತ ಯಾಕ ಬರದಾರ ಅಂತ. ಅದನ್ನ ಓದೇ ನಿಮ್ಮ ಹತ್ರ ಕೇಳಾಕ ಬಂದಿದ್ದೆ. ನೀವು ಟಿವಿ ಮುಂದ ಕುಂತಾವರಂಗ ಕಂಪ್ಯೂಟರ್ ನೋಡ್ಕೋತ ಮಾತಾಡಿದ್ರಿ.’

‘ಮತ್ತೆ ಯಾಕೆ ಬಸವರಾಜ್, ಯಾಕೆ ಕೇಳಲಿಲ್ಲ? ನನ್ನನ್ನು ಬೈಬೇಕಿತ್ತು. ಮೇಲೆ ಬರೀಬೇಕಿತ್ತು.’

‘ಮಗಳ ಪರೀಕ್ಷಾ ಇತ್ತಲ್ರಿ ಸರ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕದ ಪಾಠ ಹೇಳುವ ಮೇಷ್ಟರ ದನಿ. ‘ನಿಮ್ಮ ಕೂಡ ಜಗಳಾ ತಗದಿದ್ರ ಆಕಿನ್ನ ಎಲ್ಲಿ ಇಡ್ಲಿ? ದುಬೈನ್ಯಾಗ ನನಗ ಗೊತ್ತಿದ್ದ ಮನಿ ನಿಮ್ಮದೊಂದ. ಅಕ್ಕಾರು ಆರು ವಾರ ದ್ವಾಸಿ ಹಾಕ್ಯಾರ, ಆಕಿ ಇನ್ನೂ ನೆನಸ್ತಾಳ.’

ನಾನು ತಪ್ಪಾಯಿತು ಎಂದೆ. ಐದು ವರ್ಷ ಹಿಡಿದಿಟ್ಟುಕೊಂಡ ಮಾತು, ಹೇಳಿದರೆ ಅರೆನಿಮಿಷವೂ ಆಗಲಿಲ್ಲ. ಅವರು ಇರಲಿ ಬಿಡ್ರಿ ಎನ್ನಲಿಲ್ಲ. ನಾನದನ್ನು ಎದುರು ನೋಡುತ್ತಿದ್ದೆ ಎಂಬುದು ಅವರು ಅನ್ನದೇ ಇದ್ದಾಗ ಗೊತ್ತಾಯಿತು.

‘ಎಲ್ಲಾರ್ದೂ ಬಂತೇನ್ರಿ?’ ಎಂದು ಕೇಳಿದರು.

‘ಒಂದು ಬಾಕಿ. ಆದ್ರೆ ಅದರಿಂದ ನಿಮ್ಮ ವಿಷಯಕ್ಕೆ ಏನೂ ಆಗುವುದಿಲ್ಲ, ಅದು ಗಟ್ಟಿಯಾಯ್ತು.’

‘ನನ್ನ ವಿಷಯಕ್ಕಲ್ರಿ. ನಲವತ್ತೊಂದನೇದು ಇನ್ಯಾರ್ದೋ ಇರತೈತಲ್ರಿ. ಸಂಜೀತನಾ ಕುಂದರ್ರಿ.’

ಫೋನ್ ಇಟ್ಟರು. ನಾನು ಬುತ್ತಿ ಬಿಚ್ಚಿ ಉಂಡು, ಮತ್ತೆ ಶೀಟಿನ ಮುಂದೆ ಕೂತೆ.